ಮುಹೈಸ್ನಾದಲ್ಲಿ ಓದಿದ ಚೀನೀ ಪುಟ

ಮಿರ್ದಿಫ್

ಇಪ್ಪತ್ತೆರಡು ವರ್ಷದಿಂದ ಪತ್ರಿಕೆಯ ವಿದೇಶ ಪುಟ ನೋಡಿಕೊಳ್ಳುತ್ತಿದ್ದೇನೆ; ವಿದೇಶವನ್ನು ಮಾತ್ರ ನೋಡಿರಲಿಲ್ಲ. ಮಂಗಳೂರಿನ ಕಚೇರಿಯಲ್ಲಿ ದಿನಾ ಸಂಜೆ ನನ್ನ ಮೇಜಿಗೆ ಜಗತ್ತಿನ ಸುದ್ದಿಯೆಲ್ಲ ಇಂಗ್ಲಿಷಿನಲ್ಲಿ ಬಂದು ಬೀಳುತ್ತದೆ. ಅದನ್ನು ಕನ್ನಡಕ್ಕೆ ತಂದು, ಕತ್ತರಿಸಿ, ಜಾಹೀರಾತು ಬಿಟ್ಟುಕೊಟ್ಟಷ್ಟು ಜಾಗದಲ್ಲಿ ಕೂರಿಸುವುದು ನನ್ನ ಕೆಲಸ. ಅಬುಧಾಬಿಯಲ್ಲಿ ಪತ್ರಕರ್ತರಿಗೆ ಐದು ದಿನಗಳ ಕಾರ್ಯಾಗಾರವಿತ್ತು. ಒಂದು ದೇಶದ ಪತ್ರಿಕೆ ಇನ್ನೊಂದು ದೇಶವನ್ನು ಹೇಗೆ ಬರೆಯುತ್ತದೆ ಎಂಬುದು ವಿಷಯ. ಹೋಗಬೇಕಾಗಿದ್ದ ಸಂಪಾದಕರ ಬೆನ್ನು ಹಿಡಿದುಕೊಂಡಿತು. ಹಾಗಾಗಿ ನಾನು ಹೋದೆ.

ದುಬೈಯಲ್ಲಿ ಇಳಿದ ದಿನ ಉಳಿದದ್ದು ಮಿರ್ದಿಫ್‌ನಲ್ಲಿ, ಹಿಲ್ಡಾಳ ಮನೆಯಲ್ಲಿ. ಹಿಲ್ಡಾ ಹಿಂದೆ ನಮ್ಮಲ್ಲೇ ಪ್ರೂಫ್ ನೋಡುತ್ತಿದ್ದವಳು. ಈಗ ಇಲ್ಲಿನ ಒಂದು ಆಸ್ಪತ್ರೆಯಲ್ಲಿ ರೋಗಿಗಳ ಕಡತ ಸಂಭಾಳಿಸುತ್ತಾಳೆ. ವಿಮಾನ ನಿಲ್ದಾಣ ಹತ್ತಿರವಾದ್ದರಿಂದ ಮಾತಿನ ಮಧ್ಯೆ ವಿಮಾನಗಳು ತಲೆಯ ಮೇಲೆ ಹಾದುಹೋಗುತ್ತವೆ. ಆಗ ಮನೆಯವರೆಲ್ಲ ಮಾತು ನಿಲ್ಲಿಸುತ್ತಾರೆ, ಸದ್ದು ಹೋದ ಮೇಲೆ ನಿಂತ ಪದದಿಂದಲೇ ಮುಂದುವರಿಸುತ್ತಾರೆ. ಅಷ್ಟು ರೂಢಿಯಾಗಿದೆ.

ನೀರ್‌ದೋಸೆ ಹಾಕುತ್ತ ಹಿಲ್ಡಾ ಮಗಳನ್ನು ಕರೆದಳು. “ಬಾ ಮಗಾ, ವಿಮಲಕ್ಕನ ಒಟ್ಟಿಗೆ ತಿನ್ನು.”

“ಐ ಆಲ್ರೆಡಿ ಏಟ್, ಮಮ್ಮಾ” ಎಂದು ಒಳಗಿನಿಂದ ಉತ್ತರ ಬಂತು.

ನಮ್ಮ ಪತ್ರಿಕೆಯಲ್ಲಿ ವಾರಕ್ಕೊಮ್ಮೆ ಬರುವ ಕೊಲ್ಲಿ ಪುಟದ ಬಗ್ಗೆ ಕೇಳಿದೆ, ಇಲ್ಲಿಯವರು ಓದುತ್ತಾರಾ ಅಂತ. ಹೊಗಳಿಕೆಯ ಆಸೆ ಇತ್ತು, ಸುಳ್ಳೇಕೆ.

“ಎಂತ ಓದುದು ವಿಮಲಕ್ಕ?” ಎಂದಳು. “ನಿಮ್ಮ ಪೇಪರಲ್ಲಿ ನಾವು ಬರುದು ಎರಡೇ ಸಲ. ಶಾಲು ಹೊದಿಸಿಕೊಂಡ್ರೆ ಒಂದು ಸಲ, ಸತ್ರೆ ಇನ್ನೊಂದು ಸಲ. ನಡುವಿಂದು ಯಾರಿಗೂ ಬೇಡ ಮಾರಾಯ್ರೆ.”

ವಿಮಾನವೊಂದು ಬಂತು. ಅದು ಹೋದ ಮೇಲೆ ನಾನು ಇನ್ನೊಂದು ದೋಸೆ ಕೇಳಿದೆ.

ಅಬುಧಾಬಿ, ಮೊದಲ ದಿನ

ಅಬುಧಾಬಿಗೆ ಬಸ್ಸಿನಲ್ಲಿ ಹೋದೆ. ಊರಿನ ಅಭ್ಯಾಸದಂತೆ ಖಾಲಿ ಕಂಡ ಹಿಂದಿನ ಸೀಟಿನಲ್ಲಿ ಕೂತೆ. ಬಸ್ಸು ಹೊರಡಲೇ ಇಲ್ಲ. ಚಾಲಕ ಕನ್ನಡಿಯಲ್ಲಿ ನೋಡುತ್ತಿದ್ದ, ಸುತ್ತಲಿನ ಗಂಡಸರು ಕಿಟಕಿಯಾಚೆ ನೋಡುತ್ತಿದ್ದರು. ಕೊನೆಗೆ ಬಿಳಿಗಡ್ಡದ ಪಠಾಣರೊಬ್ಬರು ಎದ್ದು ನಿಂತು, “ಆಗೇ, ಬೆಹೆನ್‌ಜೀ, ಆಗೇ” ಎಂದರು. ಹೆಂಗಸರ ಸೀಟು ಮುಂದೆ. ನಾನು ಮುಂದೆ ಹೋಗಿ ಕೂತದ್ದೇ ತಡ, “ಯಲ್ಲಾ” ಎನ್ನುತ್ತ ಚಾಲಕ ಗೇರು ಹಾಕಿದ. ಒಂದೂವರೆ ಗಂಟೆ ದಾರಿಯುದ್ದಕ್ಕೂ ಮರಳು, ವಿದ್ಯುತ್ ಕಂಬ, ಮತ್ತೆ ಮರಳು.

ಕಾರ್ಯಾಗಾರದಲ್ಲಿ ನನ್ನ ಕೊರಳಿಗೆ ಹಾಕಿದ ಚೀಟಿಯಲ್ಲಿ ದೇಶದ ಹೆಸರು ಇಂಡೋನೇಷ್ಯಾ ಎಂದಿತ್ತು. ಸರಿಪಡಿಸಿ ಎಂದೆ. ಸ್ವಾಗತದ ಮೇಜಿನ ಹುಡುಗಿ ನಗುತ್ತ “ನಾಳೆ, ಇನ್ಶಾಅಲ್ಲಾ” ಎಂದಳು. ಅಷ್ಟರಲ್ಲಿ ಗುಂಪುಗಳ ಪಟ್ಟಿ ಅಂಟಿಸಿಯಾಗಿತ್ತು. ಭಾರತದವರ ಗುಂಪಿನಲ್ಲಿ ನನ್ನ ಹೆಸರಿರಲಿಲ್ಲ. ಇಂಡೋನೇಷ್ಯಾಕ್ಕೆ ಗುಂಪೇ ಇರಲಿಲ್ಲ. ಆಯೋಜಕರು ಕೊಂಚ ಹೊತ್ತು ತಲೆ ಕೆರೆದುಕೊಂಡು ನನ್ನನ್ನು ಚೀನಾ–ಆಫ್ರಿಕಾ ಮೇಜಿಗೆ ಕಳಿಸಿದರು. “ಅಲ್ಲಿ ಇಬ್ಬರೇ ಇದ್ದಾರೆ. ಎರಡೂ ಕಡೆಯವರಲ್ಲದ ಮೂರನೆಯ ಓದುಗರು ಒಬ್ಬರು ಬೇಕಾಗಿತ್ತು” ಎಂದರು.

ಆ ಇಬ್ಬರಲ್ಲಿ ಒಬ್ಬಳು ಎಸ್ತರ್ ಮುಲೆಂಗಾ. ಜಾಂಬಿಯಾದ ತಾಮ್ರದ ಗಣಿಗಳ ಸೀಮೆಯವಳು, ಐವತ್ತರ ಆಸುಪಾಸು, ದೊಡ್ಡ ಹೂವಿನ ಬಟ್ಟೆ ಸುತ್ತಿಕೊಂಡು ಬಂದಿದ್ದಳು. ಊಟಕ್ಕೆ ಮುಂಚೆ ಕಣ್ಣುಮುಚ್ಚಿ ಪ್ರಾರ್ಥಿಸುತ್ತಾಳೆ, ಕಣ್ಣು ತೆರೆದ ಕೂಡಲೇ ಜಗಳಕ್ಕೆ ಶುರು. ಇನ್ನೊಬ್ಬ ಲಿನ್. ನಲವತ್ತರ ಮೆಲುಮಾತಿನ ಮನುಷ್ಯ. ಚೀನಾದ ಪತ್ರಿಕೆಯೊಂದಕ್ಕೆ ಜಾಂಬಿಯಾದ ರಾಜಧಾನಿ ಲುಸಾಕಾದಿಂದ ಆರು ವರ್ಷ ವರದಿ ಮಾಡಿ ಎರಡೂವರೆ ವರ್ಷದ ಹಿಂದೆ ದುಬೈಗೆ ವರ್ಗವಾಗಿ ಬಂದವನು. ಹೊರಗೆ ಅಂಥ ಬಿಸಿಲಿದ್ದರೂ ಫ್ಲಾಸ್ಕಿನಿಂದ ಕುದಿನೀರು ಬಗ್ಗಿಸಿಕೊಂಡು ಕುಡಿಯುತ್ತಿದ್ದ. ನಮ್ಮಜ್ಜಿ ಬಿಟ್ಟರೆ ಬೇಸಿಗೆಯಲ್ಲಿ ಬಿಸಿನೀರು ಕುಡಿಯುವವರನ್ನು ನಾನು ಕಂಡದ್ದು ಇವನೊಬ್ಬನನ್ನೇ.

ನಮ್ಮ ಕೆಲಸ ಇಷ್ಟು: ಇಬ್ಬರೂ ತಾವು ಬರೆದ ವರದಿಗಳನ್ನು ತಂದಿದ್ದರು. ಅವನದು ಜಾಂಬಿಯಾದ ಬಗ್ಗೆ, ಅವಳದು ಅಲ್ಲಿರುವ ಚೀನೀಯರ ಬಗ್ಗೆ. ಮೂವರೂ ಓದಿ ಚರ್ಚಿಸಬೇಕು. ಲಿನ್ ಬರೆದದ್ದರ ಇಂಗ್ಲಿಷ್ ಅನುವಾದವನ್ನು ಆಯೋಜಕರೇ ಕೊಟ್ಟಿದ್ದರು, ಬರೀ ಅಕ್ಷರ, ಚಿತ್ರಗಳಿಲ್ಲದೆ.

ಅವನ ವರದಿಗಳಲ್ಲಿ ಎಲ್ಲರೂ ಸಂತೋಷವಾಗಿದ್ದರು. ರಸ್ತೆ ಬಂತು, ಆಸ್ಪತ್ರೆ ಬಂತು, ಹಳ್ಳಿಯ ಮುದುಕಿಯೊಬ್ಬಳು ಚೀನೀ ವೈದ್ಯನ ಕೈ ಹಿಡಿದುಕೊಂಡಳು. ಯಾರೂ ಗೊಣಗುವುದಿಲ್ಲ, ಯಾರೂ ಕಾಯುವುದಿಲ್ಲ.

“ಆರು ವರ್ಷದಲ್ಲಿ ಅಳುವವರು ಒಬ್ಬರೂ ನಿಮ್ಮ ಕಣ್ಣಿಗೆ ಬೀಳಲಿಲ್ಲವಾ?” ಎಸ್ತರ್ ಕೇಳಿದಳು.

“ಬಿದ್ದರು. ನಗದಿರುವವರ ಫೋಟೊ ಕಳಿಸಿದರೆ ಪುಟ ತಿದ್ದುವ ಡೆಸ್ಕಿನವರು ವಾಪಸ್ ಕಳಿಸುತ್ತಾರೆ. ನಾಲ್ಕೈದು ಸಲ ವಾಪಸ್ ಬಂದ ಮೇಲೆ ನಮಗೇ ಗೊತ್ತಾಗುತ್ತದೆ.” ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ ಹೇಳಿದ: “ಪುಟದಲ್ಲಿ ಸ್ನೇಹ ಇರುತ್ತದೆ. ಅದರ ಕೆಳಗೆ ಓದುಗರು ಮೊಬೈಲಿನಲ್ಲಿ ಬರೆಯುವುದನ್ನು ನಾನು ನಿಮಗೆ ಅನುವಾದಿಸಿ ಹೇಳಲಾರೆ, ಎಸ್ತರ್.”

ಎಸ್ತರ್‌ಳ ವರದಿಗಳು ಬೇರೆ ಬಗೆ. ಬಿರುಕು ಬಿಟ್ಟ ಶಾಲೆ, ಸಾಲದ ಹೆದರಿಕೆ, ಮುಷ್ಕರ, ಸಾವು. ಜಾಂಬಿಯಾದವರಿಗೆಲ್ಲ ಹೆಸರು, ವಯಸ್ಸು, ಊರು ಇತ್ತು. ಚೀನೀಯರಿಗೆ ಹೆಸರಿರಲಿಲ್ಲ. ‘ಒಬ್ಬ ಚೀನೀ ವ್ಯವಸ್ಥಾಪಕ’, ‘ಚೀನೀಯರು’, ಅಷ್ಟೇ.

“ಚೀನಾದ ಬಗ್ಗೆ ನಮಗೆ ಬರುವ ಸುದ್ದಿಯಲ್ಲಿ ಅರ್ಧ ಲಂಡನ್ನಿನಿಂದ ಬರುತ್ತದೆ” ಎಂದಳು ಎಸ್ತರ್. “ಇನ್ನರ್ಧ ಚೀನೀ ಸುದ್ದಿಸಂಸ್ಥೆ ಪುಕ್ಕಟೆ ಕಳಿಸುತ್ತದೆ, ರೈಲು, ಪಾಂಡಾ, ಅಂಥವು. ಮುಖಪುಟಕ್ಕೆ ಹೆದರಿಕೆ, ಒಳಪುಟಕ್ಕೆ ಪಾಂಡಾ. ನಾವೇ ಕಂಡು ಬರೆಯುವುದು ಏನಾದರೂ ಅನಾಹುತ ಆದಾಗ ಮಾತ್ರ.”

ನಾನು ನನ್ನ ಪುಟದ ಬಗ್ಗೆ ಯೋಚಿಸಿದೆ. ಚೀನಾ ಅಂದರೆ ಗಡಿ, ಆಫ್ರಿಕಾ ಅಂದರೆ ದೋಣಿ ದುರಂತ. ಇವರಿಬ್ಬರಾದರೂ ಕಣ್ಣಾರೆ ಕಂಡು ಬರೆದಿದ್ದರು. ನಾನು ಕಂಡದ್ದು ಪರದೆಯನ್ನು. ಆ ಮೇಜಿನಲ್ಲಿ ನನ್ನ ಸ್ಥಾನ ಏನೆಂದು ನನಗೇ ಗೊತ್ತಾಗದೆ, ಕೊರಳಲ್ಲಿ ಇಂಡೋನೇಷ್ಯಾ ಹಾಕಿಕೊಂಡು ಹಾಳೆ ಮಗುಚುತ್ತ ಕೂತೆ.

ಅಬುಧಾಬಿ, ಮೂರನೇ ದಿನ

ಮೂರನೇ ದಿನ ಲಿನ್ ತನ್ನ ವರದಿಗಳ ಮೂಲ ಪುಟಗಳನ್ನು ಮೇಜಿನ ಮೇಲೆ ಹರಡಿದ. ಒಂದರಲ್ಲಿ ಕಾಲು ಪುಟದಷ್ಟು ದೊಡ್ಡ ಚಿತ್ರ: ಹಳದಿ ಹೆಲ್ಮೆಟ್ಟಿನ ಜಾಂಬಿಯಾದ ಕೆಲಸಗಾರನೊಬ್ಬ ಹಲಗೆಯ ಮೇಲೆ ಚೀನೀ ಅಕ್ಷರ ಬರೆದು, ತನ್ನ ಬರಹಕ್ಕೆ ತಾನೇ ನಗುತ್ತಿದ್ದಾನೆ. ಆ ವರದಿಯ ಅನುವಾದವನ್ನು ನಾವು ಆಗಲೇ ಓದಿದ್ದೆವು. ಹೊಸ ಹೆದ್ದಾರಿಗೆ ಕೊಳವೆ ಹಾಕುವ ತಂಡದ ಮುಖ್ಯಸ್ಥನ ಕಥೆ. ಚೀನೀ ಸಹೋದ್ಯೋಗಿಗಳು ಅವನನ್ನು ‘ದಾಗೆ’, ಅಂದರೆ ಅಣ್ಣ ಎಂದು ಕರೆಯುತ್ತಾರೆ ಎಂದಿತ್ತು. ಇಡೀ ವರದಿಯಲ್ಲಿ ಅವನು ದಾಗೆಯೇ, ನಿಜ ಹೆಸರಿರಲಿಲ್ಲ.

ಎಸ್ತರ್ ಚಿತ್ರದ ಮೇಲೆ ಬಗ್ಗಿದಳು. ಕನ್ನಡಕ ತೆಗೆದಳು, ಮತ್ತೆ ಹಾಕಿಕೊಂಡಳು.

“ಈ ಫೋಟೊ ನಾನು ನೋಡಿದ್ದೇನೆ.”

“ಎಲ್ಲಿ?” ಲಿನ್ ಖುಷಿಯಿಂದಲೇ ಕೇಳಿದ.

“ಶವಪೆಟ್ಟಿಗೆಯ ಮೇಲೆ.”

ಅವಳು ತನ್ನ ಕಡತದಿಂದ ಪತ್ರಿಕೆಯ ತುಣುಕೊಂದನ್ನು ತೆಗೆದು ಅವನ ಮುಂದಿಟ್ಟಳು. ನಾವು ಮೊದಲ ದಿನವೇ ಓದಿದ್ದ ವರದಿ: ಹೆದ್ದಾರಿ ಕಾಮಗಾರಿಯಲ್ಲಿ ಮಣ್ಣು ಕುಸಿದು ಜೋಸೆಫ್ ಚಂದಾ ಎಂಬ ನಲವತ್ತೊಂದರ ಕೆಲಸಗಾರ ಕಂದಕದಲ್ಲಿ ಹೂತುಹೋದ. ಲಿನ್ ಅದನ್ನು ಓದಿ, ಭಾಷೆಯ ಬಗ್ಗೆ ಏನೋ ಟಿಪ್ಪಣಿ ಮಾಡಿ ಪಕ್ಕಕ್ಕಿಟ್ಟಿದ್ದ. ಈಗ ಮತ್ತೆ ಮೊದಲ ಸಾಲಿನಿಂದ ಓದತೊಡಗಿದ. ಊರಿನ ಹೆಸರಿಗೆ ಬಂದಾಗ ಅವನ ಬೆರಳು ನಿಂತಿತು.

“ನನಗೆ ಅವರ ಹೆಸರು ಗೊತ್ತಿರಲಿಲ್ಲ” ಎಂದ. “ಎಲ್ಲರೂ ದಾಗೆ ಅನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮೂರು ದಿನ ಅವರ ಜೊತೆಗಿದ್ದೆ. ಅವರ ಮನೆಯಲ್ಲಿ ಮೆಕ್ಕೆಜೋಳದ ಮುದ್ದೆ ತಿಂದಿದ್ದೇನೆ.”

ಅವನ ವರದಿ ಅಚ್ಚಾದ ಎಂಟು ತಿಂಗಳಿಗೆ ಜೋಸೆಫ್ ಸತ್ತಿದ್ದ. ಆ ವಾರ ಲಿನ್ ದುಬೈಗೆ ಹೊರಡುವ ಗಡಿಬಿಡಿಯಲ್ಲಿದ್ದ. ಅಪಘಾತ ಆಯಿತೆಂದು ಕೇಳಿ ಮೂರು ಸಾಲು ಬರೆದು ಕಳಿಸಿದ. ಡೆಸ್ಕಿನವರು ತೆಗೆದುಕೊಳ್ಳಲಿಲ್ಲ. ಸತ್ತವರು ಯಾರೆಂದು ಅವನು ಕೇಳಲಿಲ್ಲ.

ಅವನು ತುಣುಕಿನ ಕೊನೆಯ ಪ್ಯಾರಾ ತೋರಿಸಿದ. “ಇಲ್ಲಿ ‘ಚೀನೀ ಮೇಸ್ತ್ರಿ ಪ್ರತಿಕ್ರಿಯೆ ನೀಡಲು ನಿರಾಕರಿಸಿದ’ ಅಂತಿದೆ. ಅವರು ವೂ. ಅವರಿಗೆ ಇಂಗ್ಲಿಷ್ ಬರುವುದಿಲ್ಲ.”

“ನಾನು ಕೇಳಿದೆ, ಅವನು ತಲೆ ಅಲ್ಲಾಡಿಸಿದ. ಎರಡೂ ಕೈಗೆ ಬ್ಯಾಂಡೇಜು ಇತ್ತು. ಜನ ಹೊಡೆದಿರಬೇಕು ಅಂದುಕೊಂಡೆ.”

ಲಿನ್ ಫೋನ್ ತೆಗೆದುಕೊಂಡು ಹೊರಗೆ ಹೋದ. ಗಾಜಿನ ಬಾಗಿಲಾಚೆ ಅವನು ಗೋಡೆಗೆ ಮುಖ ಮಾಡಿ ಮಾತಾಡುತ್ತಿದ್ದುದು ಕಾಣುತ್ತಿತ್ತು. ತಿರುಗಿ ಬಂದು ಹೇಳಿದ: “ಈಗ ವೂ ತಮ್ಮ ಊರಿನಲ್ಲಿದ್ದಾರೆ. ಯಂತ್ರ ಬರುವ ತನಕ ಬರಿಗೈಯಲ್ಲಿ ಮಣ್ಣು ತೋಡಿದರಂತೆ. ಉಗುರುಗಳು ಕಿತ್ತುಹೋದವಂತೆ.”

ಎಸ್ತರ್ ಎದ್ದು ನಿಂತಳು. “ಒಬ್ಬ ಮನುಷ್ಯ ಸತ್ತಿದ್ದ, ಲಿನ್. ಅವನ ಹೆಂಡತಿ ನೆಲದ ಮೇಲೆ ಹೊರಳುತ್ತಿದ್ದಳು. ಆಗ ನಾನು ಮೇಸ್ತ್ರಿಯ ಉಗುರಿನ ಬಗ್ಗೆ ಬರೆಯಬೇಕಿತ್ತಾ?”

“ಗೊತ್ತಿಲ್ಲ” ಎಂದ ಲಿನ್. ಆಮೇಲೆ ಇಬ್ಬರೂ ನನ್ನತ್ತ ನೋಡಿದರು. ಮೂರನೆಯ ಓದುಗಳೆಂದು ನನ್ನನ್ನು ಕೂರಿಸಿದ್ದು ಇದಕ್ಕೇ ಇರಬೇಕು. ನನಗೂ ಗೊತ್ತಿರಲಿಲ್ಲ. ಬರೆಯಬೇಕಿತ್ತು ಎಂದು ಮನಸ್ಸು ಹೇಳುತ್ತಿತ್ತು. ಆದರೆ ನನ್ನ ಪುಟದಲ್ಲಿ ಆ ಪ್ಯಾರಾ ಬಂದಿದ್ದರೆ ಜಾಗವಿಲ್ಲವೆಂದು ಕತ್ತರಿಸುವವಳು ನಾನೇ ಆಗಿರುತ್ತಿದ್ದೆ. ಅದನ್ನೇ ಹೇಳಿದೆ. ಯಾರೂ ನಗಲಿಲ್ಲ.

ಸಂಜೆ ಮೂವರೂ ಕಡಲ ದಂಡೆಯಲ್ಲಿ ನಡೆಯುವಾಗ ಎಸ್ತರ್ ತಾನು ಇಲ್ಲಿಗೆ ಬರಲು ಒಪ್ಪಿದ ಕಾರಣ ಹೇಳಿದಳು. ಜೋಸೆಫ್‌ನ ತಮ್ಮ ಕೆಲ್ವಿನ್ ದುಬೈಯಲ್ಲಿ ಕಾವಲುಗಾರನಾಗಿದ್ದಾನೆ. ಅಣ್ಣನ ಮಣ್ಣಿಗೂ ಹೋಗಲಾಗಿರಲಿಲ್ಲ. ಅವನನ್ನು ಕಂಡು ಬರುತ್ತೇನೆಂದು ಜೋಸೆಫ್‌ನ ಹೆಂಡತಿಗೆ ಮಾತು ಕೊಟ್ಟಿದ್ದಳು.

“ನಾನೂ ಬರುತ್ತೇನೆ” ಎಂದ ಲಿನ್.

“ಬೇಡ.”

ಅವನು ಮತ್ತೆ ಕೇಳಲಿಲ್ಲ. ಆದರೆ ಕಾರ್ಯಾಗಾರ ಮುಗಿದು ಭಾನುವಾರ ಬೆಳಿಗ್ಗೆ ನಾನು, ಎಸ್ತರ್ ದುಬೈ ಬಸ್ಸಿಗೆ ಹೋದಾಗ ಅವನು ಅಲ್ಲೇ ನಿಂತಿದ್ದ, ಅಂಗಿ ಇಸ್ತ್ರಿ ಮಾಡಿಕೊಂಡು. ಎಸ್ತರ್ ಅವನನ್ನು ಮೇಲಿಂದ ಕೆಳಗೆ ನೋಡಿ ಬಸ್ಸು ಹತ್ತಿದಳು. ಹೋಗು ಎನ್ನಲಿಲ್ಲ.

ರಾಸ್ ಅಲ್ ಖೋರ್

ಕೆಲ್ವಿನ್ ಕೆಲಸ ಮಾಡುತ್ತಿದ್ದುದು ರಾಸ್ ಅಲ್ ಖೋರ್‌ನಲ್ಲಿ, ಹಳೆ ಕಾರುಗಳ ಬಿಡಿಭಾಗದ ಅಂಗಳವೊಂದರ ಗೇಟಿನಲ್ಲಿ. ಬಿಚ್ಚಿಟ್ಟ ಬಾಗಿಲು, ಬಂಪರು, ಇಂಜಿನ್ನುಗಳು ರಾಶಿ ರಾಶಿ. ಅವುಗಳಲ್ಲಿ ಬಹಳಷ್ಟು ಆಫ್ರಿಕಾಕ್ಕೇ ಹಡಗು ಹತ್ತುತ್ತವಂತೆ. ಪೆಟ್ಟಿಗೆಯಂಥ ಕಾವಲುಕೋಣೆಯಿಂದ ಎತ್ತರದ ಯುವಕ ಹೊರಬಂದ. ಚಿತ್ರದಲ್ಲಿ ಕಂಡ ಅದೇ ಹಣೆ, ಅದೇ ಅಗಲ ಬಾಯಿ. ಲಿನ್ ಅವನನ್ನು ಕಂಡು ಒಂದು ಹೆಜ್ಜೆ ಹಿಂದೆ ಸರಿದ.

ಎಸ್ತರ್ ಅವನನ್ನು ತಬ್ಬಿಕೊಂಡು ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಆಮೇಲೆ ಇಂಗ್ಲಿಷಿನಲ್ಲಿ ನಮ್ಮನ್ನು ಪರಿಚಯಿಸಿದಳು. “ಇವರು ವಿಮಲಾ, ಇಂಡಿಯಾದ ಪತ್ರಿಕೆಯವರು. ಇವರು ಲಿನ್. ನಿನ್ನ ಅಣ್ಣನ ಬಗ್ಗೆ ಚೀನಾದ ಪತ್ರಿಕೆಯಲ್ಲಿ ಬರೆದವರು.”

ಕೆಲ್ವಿನ್ ಎರಡೂ ಕೈಯಿಂದ ಲಿನ್‌ನ ಕೈ ಹಿಡಿದುಕೊಂಡ.

“ಸರ್, ಆ ಪುಟ ನನ್ನ ಹತ್ತಿರ ಇದೆ. ಅಣ್ಣನೇ ಕಳಿಸಿದ್ದು. ಏನು ಬರೆದಿದೆ ಅಂತ ಯಾರೂ ಓದಿ ಹೇಳಿಲ್ಲ. ನೀವು ಓದುತ್ತೀರಾ?”

ಅವನ ಪಾಳಿ ಮುಗಿಯಲು ಇನ್ನೂ ಎರಡು ಗಂಟೆ ಇತ್ತು. ಟಯರು ಅಂಗಡಿಯೊಂದರ ನೆರಳಿನಲ್ಲಿ ಕಾದೆವು. ಅಲ್ಲಿನ ಮಲಯಾಳಿ ಯಜಮಾನ ಕೇಳದೆಯೇ ಕುರ್ಚಿ ಹಾಕಿಸಿ ಚಹಾ ತರಿಸಿದ. ಬಿಸಿಗಾಳಿ ಮರಳು ತಂದು ಲೋಟದೊಳಗೆ ಹಾಕುತ್ತಿತ್ತು. ಲಿನ್ ಒಂದು ಗುಟುಕೂ ಕುಡಿಯಲಿಲ್ಲ.

“ದಾಗೆ ನನಗೆ ಬೇರೆ ಒಂದು ಮಾತು ಹೇಳಿದ್ದರು” ಎಂದ ಇದ್ದಕ್ಕಿದ್ದಂತೆ. ಎಸ್ತರ್ ರಸ್ತೆ ದಾಟಿ ನೀರಿನ ಬಾಟಲಿ ತರಲು ಹೋಗಿದ್ದಳು. “ಕೊನೆಯ ದಿನ ಕಂದಕದ ಹತ್ತಿರ ಕರೆದುಕೊಂಡು ಹೋಗಿ, ಇಲ್ಲಿನ ಮಣ್ಣು ಸಡಿಲ, ಪಕ್ಕಕ್ಕೆ ಹಲಗೆ ಕೊಡಿ ಅಂತ ನಾಲ್ಕು ಸಲ ಕೇಳಿದ್ದೇನೆ, ನೀನು ಪತ್ರಿಕೆಯವನು, ಬರೆ ಎಂದರು. ನಾನು ಪುಸ್ತಕದಲ್ಲಿ ಬರೆದುಕೊಂಡೆ. ವರದಿಯಲ್ಲಿ ಬರೆಯಲಿಲ್ಲ. ಕಳಿಸಿದರೂ ಡೆಸ್ಕಿನವರು ತೆಗೆಯುತ್ತಾರೆ ಅಂದುಕೊಂಡೆ. ತೆಗೆದದ್ದು ಅವರಲ್ಲ.”

ಎಸ್ತರ್ ಬರುವುದು ಕಂಡು ಅವನು ಮಾತು ನಿಲ್ಲಿಸಿದ. ನಾನು ಅವಳಿಗೆ ಹೇಳಬೇಕಿತ್ತೋ ಏನೋ. ಅದು ಅವನು ಹೇಳಬೇಕಾದ ಮಾತು ಎಂದು ಸುಮ್ಮನಾದೆ.

ಮುಹೈಸ್ನಾ

ಕೆಲ್ವಿನ್ ಇರುವ ಕೆಲಸಗಾರರ ವಸತಿ ಇಲ್ಲಿ. ಅವರ ಬಸ್ಸುಗಳು ಸಾಲಾಗಿ ನಿಂತ ಮೈದಾನ, ಅದರ ಸುತ್ತ ಒಂದೇ ಬಣ್ಣದ ಕಟ್ಟಡಗಳು, ಬಾಲ್ಕನಿ ತುಂಬ ಒಣಹಾಕಿದ ನೀಲಿ ಸಮವಸ್ತ್ರ. ಜನ ಇದನ್ನು ಸೋನಾಪುರ, ಚಿನ್ನದ ಊರು ಅನ್ನುತ್ತಾರೆ. ಯಾರು ಇಟ್ಟ ಹೆಸರೋ. ಹೊರಗಿನವರಿಗೆ, ಅದರಲ್ಲೂ ಹೆಂಗಸರಿಗೆ, ಕೋಣೆಗಳಿಗೆ ಪ್ರವೇಶವಿಲ್ಲ. ಗೇಟಿನೆದುರಿನ ಕೆಫೆಟೇರಿಯಾದಲ್ಲಿ ಕೂತೆವು. ಅಲ್ಲಿ ಹೆಂಗಸರೆಂದರೆ ನಾವಿಬ್ಬರೇ. ಪಕ್ಕದ ಮೇಜಿನವರು ತಮ್ಮ ತಟ್ಟೆ ಎತ್ತಿಕೊಂಡು ದೂರ ಹೋಗಿ ಕೂತರು. ಅದು ಗೌರವವೋ ಮುಜುಗರವೋ ತಿಳಿಯಲಿಲ್ಲ.

ಕೆಲ್ವಿನ್ ಒಳಗೆ ಹೋಗಿ ಪುಟ ತಂದ. ಪ್ಲಾಸ್ಟಿಕ್ ಹೊದಿಸಿದ ಪುಟ. ನಾಲ್ಕು ಮೂಲೆಯಲ್ಲೂ ಗೋಡೆಗೆ ಅಂಟಿಸಿದ್ದ ಟೇಪಿನ ಗುರುತು. ಎಸ್ತರ್ ಬರೆದ ವರದಿ ಇದೆಯಾ ಎಂದು ನಾನು ಕೇಳಿದೆ. “ಅದನ್ನು ಮೊಬೈಲಿನಲ್ಲಿ ಒಂದು ಸಲ ಓದಿದೆ, ಮೇಡಂ. ಮತ್ತೆ ಓದಲಿಕ್ಕೆ ಆಗಲಿಲ್ಲ” ಎಂದು ಎಸ್ತರ್‌ಳ ಕಡೆ ನೋಡಿ, “ಸಾರಿ, ಅಮ್ಮಾ” ಎಂದ. ಎಸ್ತರ್ ಅವನ ಭುಜ ತಟ್ಟಿದಳು.

ಲಿನ್ ಓದಲು ಶುರು ಮಾಡಿದ. ಒಂದೊಂದು ಸಾಲು ಚೀನೀ ಭಾಷೆಯಲ್ಲಿ, ಆಮೇಲೆ ಅದರ ಇಂಗ್ಲಿಷ್. ದಾಗೆ ಬೆಳಗಾಗುವ ಮೊದಲೇ ಕೆಲಸಕ್ಕೆ ಬರುತ್ತಾನೆ. ದಾಗೆ ದಿನಕ್ಕೆರಡು ಅಕ್ಷರ ಕಲಿಯುತ್ತಾನೆ. ಅವನ ಹೆಂಡತಿ ಬೇಯಿಸಿದ ಸೊಪ್ಪಿನ ರುಚಿ ಚೀನೀ ಗೆಳೆಯರಿಗೆ ತಮ್ಮ ಊರನ್ನು ನೆನಪಿಸುತ್ತದೆ. ಕೆಲ್ವಿನ್ ಪ್ರತಿ ಸಾಲಿಗೂ ತಲೆಯಾಡಿಸುತ್ತ, “ಹೌದು, ಹಾಗೇ, ಅಣ್ಣ ಹಾಗೇ” ಎನ್ನುತ್ತಿದ್ದ. ಅವನ ಕಣ್ಣು ತುಂಬಿತ್ತು, ಮುಖದಲ್ಲಿ ನಗುವಿತ್ತು.

ಕೊನೆಯ ಪ್ಯಾರಾ ಬಂತು. ಅದರಲ್ಲಿ ಏನಿದೆಯೆಂದು ಅನುವಾದ ಓದಿದ್ದ ನಮಗೆ ಗೊತ್ತಿತ್ತು: ‘ಚೀನೀ ಗೆಳೆಯರು ನನ್ನ ಬದುಕನ್ನೇ ಬದಲಿಸಿದರು ಎಂದು ದಾಗೆ ಭಾವುಕನಾಗಿ ಹೇಳಿದ.’ ಲಿನ್ ಆ ಸಾಲನ್ನು ಚೀನೀ ಭಾಷೆಯಲ್ಲಿ ಓದಿದ. ತಡೆದ. ಆಮೇಲೆ ಇಂಗ್ಲಿಷಿನಲ್ಲಿ ಹೇಳಿದ: “‘ಇಲ್ಲಿನ ಮಣ್ಣು ಸಡಿಲ. ಹಲಗೆ ಕೊಡಿ ಅಂತ ನಾಲ್ಕು ಸಲ ಕೇಳಿದ್ದೇನೆ’ ಎಂದು ದಾಗೆ ಹೇಳಿದ.”

ಎಸ್ತರ್ ಥಟ್ಟನೆ ತಲೆ ಎತ್ತಿದಳು.

ಕೆಲ್ವಿನ್ ಎದ್ದೇ ನಿಂತ. “ಅಣ್ಣ ಹೇಳಿದ್ದನಾ? ಇದರಲ್ಲಿ ಅಚ್ಚಾಗಿದೆಯಾ?”

“ಹೌದು” ಎಂದ ಲಿನ್.

“ಯಾರೂ ದೂರು ಕೊಟ್ಟಿರಲಿಲ್ಲ, ಅವನೇ ಅಜಾಗರೂಕನಾಗಿದ್ದ ಅಂತ ಕಂಪನಿ ಬರೆದುಕೊಟ್ಟಿದೆ ಸರ್. ಅತ್ತಿಗೆ ಮೂರು ಸಲ ಅರ್ಜಿ ಹಾಕಿದರು, ಮೂರು ಸಲವೂ ಅದೇ ಉತ್ತರ. ಇಷ್ಟು ದಿನ ಈ ಪುಟ ನನ್ನ ತಲೆಯ ಮೇಲೇ ಗೋಡೆಯಲ್ಲಿತ್ತು! ಇವತ್ತೇ ಕಳಿಸುತ್ತೇನೆ. ಅವರ ದೇಶದ ಪತ್ರಿಕೆಯಲ್ಲೇ ಇದೆ ಅಂದರೆ ಇಲ್ಲ ಅನ್ನಲಾರರು.” ಅವನು ಮೊಬೈಲ್ ತೆಗೆದು ಪುಟದ ಫೋಟೊ ಹೊಡೆಯತೊಡಗಿದ.

ಅವನಿಗೆ ನೆಮ್ಮದಿಯಾಗಲಿ ಎಂದು ಹೇಳಿದ ಸುಳ್ಳು ಇನ್ನೊಂದು ನಿಮಿಷದಲ್ಲಿ ಜಾಂಬಿಯಾಕ್ಕೆ ಹೊರಟುಹೋಗುತ್ತಿತ್ತು. ಆ ಪುಟವನ್ನು ಚೀನೀ ಬಲ್ಲ ಒಬ್ಬರು ಓದಿದರೆ ಸಾಕು, ಜೋಸೆಫ್‌ನ ಹೆಂಡತಿ ಸುಳ್ಳುಗಾತಿಯಾಗುತ್ತಾಳೆ.

“ಲಿನ್” ಎಂದಳು ಎಸ್ತರ್. “ಹೇಳಿ.”

ಲಿನ್ ಹೇಳಿದ. ಅಣ್ಣ ಆ ಮಾತು ಹೇಳಿದ್ದು ನಿಜ, ತಾನು ಅದನ್ನು ಪುಸ್ತಕದಲ್ಲಿ ಬರೆದುಕೊಂಡೂ ವರದಿಯಲ್ಲಿ ಬರೆಯದೆ ಹೋದದ್ದು ನಿಜ, ಪುಟದಲ್ಲಿರುವ ಕೊನೆಯ ಮಾತು ತಾನೇ ಕಟ್ಟಿದ್ದು. ಅವನ ದನಿ ಎಲ್ಲೂ ಏರಲಿಲ್ಲ.

ಕೆಲ್ವಿನ್ ನಿಧಾನವಾಗಿ ಕೂತ. ಮೊಬೈಲನ್ನು ಮೇಜಿನ ಮೇಲೆ ಬೋರಲಾಗಿ ಇಟ್ಟ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು. ಪುಟವನ್ನು ಬೆರಳಿನಿಂದ ಒರೆಸಿದ.

“ನಿಮ್ಮ ಪುಸ್ತಕ ಇದೆಯಾ? ಅವತ್ತು ಬರೆದುಕೊಂಡದ್ದು?” ಎಂದು ಕೇಳಿದ.

“ಮನೆಯಲ್ಲಿದೆ.”

“ಹಾಗಾದರೆ ಈಗ ಬರೆಯಿರಿ.”

ಕೆಫೆಟೇರಿಯಾದವನಿಂದ ಎರಡು ಹಾಳೆ ಇಸಿದುಕೊಂಡು ಬಂದ. ಲಿನ್ ಪೆನ್ನು ತೆಗೆದಾಗ ಎಸ್ತರ್ ತನ್ನ ದೊಡ್ಡ ಕೈಯನ್ನು ಹಾಳೆಯ ಮೇಲಿಟ್ಟಳು. “ಯೋಚನೆ ಮಾಡಿ. ಇದು ನನ್ನ ಕೈಗೆ ಬಂದರೆ ನಾನು ಅಚ್ಚು ಹಾಕುತ್ತೇನೆ. ನಾನು ವರದಿಗಾರ್ತಿ, ನಿಮ್ಮ ಗೆಳತಿಯಲ್ಲ. ನಿಮ್ಮ ಹೆಸರು ಬೇಡ ಅಂದರೆ ಹಾಕುವುದಿಲ್ಲ.”

“ಹೆಸರಿಲ್ಲದಿದ್ದರೆ ಕಂಪನಿ ಒಪ್ಪುತ್ತದಾ?” ಲಿನ್ ಕೇಳಿದ.

“ಇಲ್ಲ.”

ಅವನು ಇಂಗ್ಲಿಷಿನಲ್ಲಿ ಬರೆದ, ಕೆಳಗೆ ಚೀನೀ ಭಾಷೆಯಲ್ಲೂ ಬರೆದ. ಪೂರ್ತಿ ಹೆಸರು, ಮನೆಯ ವಿಳಾಸ, ಫೋನ್ ನಂಬರು, ಪತ್ರಿಕೆಯ ಹೆಸರು, ಜೋಸೆಫ್ ಆ ಮಾತು ಹೇಳಿದ ದಿನ. ಸಹಿ ಮಾಡುವ ಮುಂಚೆ ತನಗೆ ಹೆಂಡತಿ, ಶಾಲೆಗೆ ಹೋಗುವ ಮಗಳು ಇದ್ದಾರೆಂದು ಯಾರನ್ನೂ ನೋಡದೆ ಹೇಳಿದ. ಅವನು ಸಹಿ ಮಾಡಿದ.

ಕೆಲ್ವಿನ್ ಹಾಳೆಯನ್ನು ಎರಡು ಸಲ ಓದಿ, ಎಸ್ತರ್ ಅದರ ಫೋಟೊ ತೆಗೆದುಕೊಂಡ ಮೇಲೆ ಮಡಚಿದ. ಕೈ ಕುಲುಕಲಿಲ್ಲ. “ಬರುತ್ತೇನೆ ಸರ್, ನಾಳೆ ಬೆಳಗಿನ ಪಾಳಿ” ಎಂದು ಗೇಟಿನೊಳಗೆ ಹೋದ.

ಮತ್ತೆ ಮಿರ್ದಿಫ್

ಹಿಲ್ಡಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಬಟ್ಟೆ ಮಡಚುವುದನ್ನು ಬಿಟ್ಟು ಕೇಳಿದಳು.

“ಆ ಚೀನಾದವ ಪಾಪ. ಅವನ ಕೆಲಸ ಹೋಗ್ತದೆ ನೋಡಿ ವಿಮಲಕ್ಕ” ಎಂದಳು. ಆಮೇಲೆ, “ನೀವಾದ್ರೆ ಸಹಿ ಹಾಕ್ತಿದ್ರಾ?”

ಇದಕ್ಕೆ ಪ್ರಾಮಾಣಿಕ ಉತ್ತರ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಕಾರ್ಕಳದ ಕಡೆಯ ಹೆಂಗಸೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ದುಬೈಯಲ್ಲಿ ಕಟ್ಟಡದಿಂದ ಬಿದ್ದು ಸತ್ತ ತಮ್ಮ ಕಳಿಸಿದ್ದ ಧ್ವನಿಸಂದೇಶಗಳು ಅವರ ಮೊಬೈಲಿನಲ್ಲಿದ್ದವು. ಹಗ್ಗ ಸರಿಯಿಲ್ಲ ಅನ್ನುತ್ತಿದ್ದ. ನಾನು ಕೇಳಿಸಿಕೊಂಡೆ. ಮರುದಿನ ನಮ್ಮಲ್ಲಿ ಬಂದದ್ದು ಎರಡು ವಾಕ್ಯ: ಆಯತಪ್ಪಿ ಬಿದ್ದು ಮೃತಪಟ್ಟರು, ತಾಯಿ ಹಾಗೂ ಅಕ್ಕನನ್ನು ಅಗಲಿದ್ದಾರೆ. ಆ ಎರಡು ವಾಕ್ಯ ಬರೆದವಳು ನಾನು. ಅದೇ ವಾರ ಕೊಲ್ಲಿ ಪುಟಕ್ಕೆ ಅಲ್ಲಿನ ಕಟ್ಟಡ ಕಂಪನಿಯೊಂದರ ದೊಡ್ಡ ಜಾಹೀರಾತಿತ್ತು. ಯಾರೂ ನನ್ನನ್ನು ತಡೆದಿರಲಿಲ್ಲ. ತಡೆಯಬಹುದು ಅಂದುಕೊಂಡಿದ್ದೆ, ಅಷ್ಟೇ.

ಹಿಲ್ಡಾಳಿಗೆ ಅದನ್ನು ಹೇಳಲಿಲ್ಲ. “ಗೊತ್ತಿಲ್ಲ” ಎಂದೆ. ಅವಳು ನನ್ನ ಮುಖ ನೋಡಿ ಮತ್ತೆ ಬಟ್ಟೆ ಮಡಚತೊಡಗಿದಳು.

ಮಂಗಳೂರು

ಊರಿಗೆ ಬಂದ ಹತ್ತನೇ ದಿನ ಎಸ್ತರ್ ತನ್ನ ವರದಿ ಕಳಿಸಿದಳು. ಮುಖಪುಟದಲ್ಲಿ ಬಂದಿತ್ತು. ಜೋಸೆಫ್‌ನ ಮಾತು, ಲಿನ್‌ನ ಪೂರ್ತಿ ಹೆಸರು, ಹೇಳಿಕೆಯ ಚಿತ್ರ ಎಲ್ಲ ಇತ್ತು. ಮೇಸ್ತ್ರಿ ವೂ ಬರಿಗೈಯಲ್ಲಿ ಮಣ್ಣು ತೋಡಿದ್ದೂ ಇತ್ತು. ಆದರೆ ಶೀರ್ಷಿಕೆ ‘ಚೀನೀಯರಿಗೆ ಗೊತ್ತಿತ್ತು’ ಎಂದಾಗಿತ್ತು. “ಅದು ನನ್ನದಲ್ಲ, ಡೆಸ್ಕಿನದು” ಎಂದು ಎಸ್ತರ್ ಬರೆದಿದ್ದಳು. ಡೆಸ್ಕಿನವಳಾದ ನಾನು ಅದಕ್ಕೆ ಏನೆಂದು ಉತ್ತರಿಸಲಿ.

ನಾನೂ ಬರೆದೆ. ಒಂದು ಪೂರ್ತಿ ಕಾಲಂ. ಸಂಪಾದಕರು ಓದಿ, “ಚೆನ್ನಾಗಿದೆ ವಿಮಲಾ ಅವರೇ, ಆದ್ರೆ ಜಾಂಬಿಯಾದಲ್ಲಿ ನಮ್ಮೋರು ಯಾರಿದ್ದಾರೆ?” ಎಂದರು. ಅದು ಇನ್ನೂ ಅವರ ಮೇಜಿನ ಮೇಲೇ ಇದೆ. ಕಾರ್ಕಳದ ಆ ಹೆಂಗಸಿನ ಫೋನ್ ನಂಬರ್ ಹುಡುಕಿದೆ. ಸಿಕ್ಕಿತು. ಎರಡು ಸಲ ಮಾಡಿದೆ. ಎತ್ತಲಿಲ್ಲ. ಮೂರನೇ ಸಲ ಮಾಡುವ ಧೈರ್ಯ ಇನ್ನೂ ಬಂದಿಲ್ಲ.

ಎರಡು ತಿಂಗಳಾದ ಮೇಲೆ ಒಂದು ಸಂಜೆ, ಪುಟ ಕಟ್ಟುವ ಹೊತ್ತಿಗೆ ಕೆಲ್ವಿನ್ ಫೋನ್ ಮಾಡಿದ. ಅವನ ದನಿ ಗುರುತಿಸಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು.

“ಮೇಡಂ, ಕಂಪನಿಯಿಂದ ಉತ್ತರ ಬಂತು.”

“ಏನಂತೆ?”

“ಹೇಳಿಕೆ ಕೊಟ್ಟ ವ್ಯಕ್ತಿ ಆ ಪತ್ರಿಕೆಯಲ್ಲಿ ಈಗ ಇಲ್ಲವಂತೆ. ಪತ್ರಕರ್ತರೇ ಅಲ್ಲವಂತೆ. ಅದಕ್ಕೇ ಆ ಕಾಗದ ಲೆಕ್ಕಕ್ಕೆ ಬರುವುದಿಲ್ಲವಂತೆ.” ಅವನು ಓದಿ ಹೇಳುತ್ತಿದ್ದಂತಿತ್ತು. “ಲಿನ್ ಸರ್ ಅವರ ನಂಬರಿಗೆ ನಾಲ್ಕು ದಿನದಿಂದ ಮಾಡುತ್ತಿದ್ದೇನೆ. ಹೋಗುತ್ತಿಲ್ಲ. ಅವರ ಮನೆ ಇದ್ದ ಕಡೆ ಹೋಗಿ ಕೇಳಿದೆ. ಖಾಲಿ ಮಾಡಿ ಹೋದರಂತೆ, ಎಲ್ಲಿಗೆ ಅಂತ ವಾಚ್‌ಮನ್‌ಗೆ ಗೊತ್ತಿಲ್ಲ.”

ಮುಹೈಸ್ನಾದಿಂದ ದುಬೈಯ ಆ ತುದಿಗೆ, ವಾರದ ಒಂದೇ ರಜೆಯಲ್ಲಿ, ಎರಡು ಬಸ್ಸು ಬದಲಿಸಿ ಹೋಗಿ ಹುಡುಕಿದ್ದ.

“ಅವತ್ತು ನಾನು ಕೈ ಕುಲುಕಲಿಲ್ಲ, ಮೇಡಂ” ಎಂದ. “ಅವರಿಗೇನೂ ಆಗಿಲ್ಲ ತಾನೇ? ನಿಮಗೆ ಏನಾದರೂ ಗೊತ್ತಾ?”

“ಗೊತ್ತಿಲ್ಲ, ಕೆಲ್ವಿನ್.”

“ಗೊತ್ತಾದರೆ ಹೇಳುತ್ತೀರಾ?”

ಹೇಳುತ್ತೇನೆ ಎಂದೆ. ಫೋನ್ ಇಟ್ಟ ಮೇಲೆ ನಾನೂ ಆ ನಂಬರಿಗೆ ಮಾಡಿ ನೋಡಿದೆ. ಚೀನೀ ಭಾಷೆಯಲ್ಲಲ್ಲ, ಅರಬ್ಬಿಯಲ್ಲಿ ಹೆಣ್ಣುದನಿಯೊಂದು ಏನೋ ಹೇಳಿತು, ಆಮೇಲೆ ಅದನ್ನೇ ಇಂಗ್ಲಿಷಿನಲ್ಲಿ ಹೇಳಿತು. ಆ ನಂಬರು ಬಳಕೆಯಲ್ಲಿಲ್ಲ.